ಚಾಕಿ ಕೋಣೆಯ ಎರಡು ವಿಳಾಸಗಳು

ಚಳಿಗಾಲದ ಒಂದು ಬೆಳಿಗ್ಗೆ, ನಾನಿನ್ನೂ ವಿಜಯಪುರದ ನಮ್ಮ ವರ್ಕ್‌ಶಾಪಿನ ಬೀಗ ತೆಗೆಯುತ್ತಿದ್ದಾಗಲೇ ಚಾಕಿ ಕೇಂದ್ರದ ಅಕ್ಕನ ಫೋನ್ ಬಂತು.

"ಏನಮ್ಮ, ನಿಮ್ಮ ಪೆಟ್ಟಿಗೆ ತೊಂಬತ್ತೊಂಬತ್ತು, ತೊಂಬತ್ತೊಂಬತ್ತು ಅಂತ ತೋರಿಸ್ತಾ ಐತೆ. ಒಳಗೆ ಕಾಲಿಟ್ರೆ ಚಳಿ. ಫ್ಯಾನು ಬೇರೆ ತಿರುಗ್ತಾ ಐತೆ. ಹುಳ ಸೊಪ್ಪೇ ಮುಟ್ಟಿಲ್ಲ. ಬೇಗ ಬಾರಮ್ಮ."

ತೆಗೆದ ಬೀಗವನ್ನು ಮತ್ತೆ ಹಾಕಿದೆ. ಸ್ಕೂಟರಿನ ಡಿಕ್ಕಿಯಲ್ಲಿ ಎರಡು ಹೊಸ ಸೆನ್ಸರ್, ಸ್ಕ್ರೂಡ್ರೈವರ್, ಮೀಟರ್ ತುಂಬಿಕೊಂಡು ಕುಂದಾಣದ ಕಡೆಗೆ ಹೊರಟೆ.

ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುಗಳನ್ನು ಎರಡು ಜ್ವರ ದಾಟುವವರೆಗೆ ಒಂದೇ ಕಡೆ ಸಾಕಿ, ಆಮೇಲೆ ರೈತರಿಗೆ ಹಂಚುವ ಜಾಗ ಚಾಕಿ ಕೇಂದ್ರ. ಹುಳು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿಕೊಂಡು ಅಲುಗಾಡದೆ ಇರುತ್ತದೆ, ಏನೂ ತಿನ್ನುವುದಿಲ್ಲ. ಈ ಎಳೆಯ ದಿನಗಳಲ್ಲಿ ಕೋಣೆ ಬೆಚ್ಚಗಿರಬೇಕು, ಗಾಳಿಯಲ್ಲಿ ತೇವ ಇರಬೇಕು. ಜ್ವರಕ್ಕೆ ಕೂತಾಗ ಮಾತ್ರ ತೇವ ಕಡಿಮೆಯಾಗಬೇಕು; ಅದಕ್ಕೆಂದೇ ಆಗ ಸೊಪ್ಪು ನಿಲ್ಲಿಸಿ ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಇಲ್ಲಿ ಹೆಚ್ಚುಕಡಿಮೆಯಾದರೆ ಮುಂದೆ ರೈತನ ಮನೆಯಲ್ಲಿ ಎಷ್ಟು ಚೆನ್ನಾಗಿ ನೋಡಿಕೊಂಡರೂ ಗೂಡು ಚೆನ್ನಾಗಿ ಬರುವುದಿಲ್ಲ. ಇದನ್ನು ನಾನು ಮನೆಯಲ್ಲೇ ಕೇಳಿಕೊಂಡು ಬೆಳೆದವಳು. ನಮ್ಮ ಅಬ್ಬಾ ವಿಜಯಪುರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ರೀಲರ್ ಆಗಿದ್ದವರು. ನೂಲು ಪದೇಪದೇ ತುಂಡಾದರೆ ಬಾಣಲೆಯ ಮುಂದೆ ಕೂತೇ, "ಚಾಕಿ ಕೆಟ್ಟಿದೆ" ಎಂದು ಗೊಣಗುತ್ತಿದ್ದರು.

ಅಕ್ಕನ ಚಾಕಿ ಕೋಣೆಯ ಗೋಡೆಗೆ ತೂಗುಹಾಕಿದ್ದ ಪೆಟ್ಟಿಗೆಯನ್ನು ನಾನೂ ಮೇಷ್ಟ್ರೂ ಸೇರಿ ಮಾಡಿದ್ದು. ಮೇಷ್ಟ್ರು ಎಂದರೆ ಪಾಲಿಟೆಕ್ನಿಕ್ಕಿನಲ್ಲಿ ನನಗೆ ಎಲೆಕ್ಟ್ರಾನಿಕ್ಸ್ ಕಲಿಸಿದವರು. ನಿವೃತ್ತಿಯಾದ ಮೇಲೆ ಒಂದು ದಿನ ಬಂದು, "ನಿನ್ನ ಅಂಗಡೀಲಿ ಒಂದು ಟೇಬಲ್ ಹಾಕ್ಕೊಳ್ಲೇನಮ್ಮ?" ಎಂದು ಕೇಳಿದ್ದರು. ಬೋರ್ಡಿನ ನಕ್ಷೆ ನನ್ನದು, ಪ್ರೋಗ್ರಾಂ ಅವರದು. ಸೆನ್ಸರ್ ಕೋಣೆಯ ಶಾಖ, ತೇವ ಅಳೆದು ಹೇಳುತ್ತದೆ. ಪೆಟ್ಟಿಗೆಯೊಳಗಿನ ಚಿಪ್ ಅದನ್ನು ನೋಡಿ ಹೀಟರ್, ಮಂಜಿನಂತೆ ನೀರು ಚಿಮ್ಮುವ ಫಾಗರ್, ಗಾಳಿ ಹೊರಗೆಳೆಯುವ ಫ್ಯಾನ್ ಮೂರನ್ನೂ ಹಾಕಿ ಆರಿಸುತ್ತದೆ. ಹುಳು ಯಾವ ಹಂತದಲ್ಲಿದೆ ಎಂದು ತಿಳಿಸಲು ಮುಂದೆ ಒಂದು ಬಟನ್.

ನಾನು ಹೋದಾಗ ಅಕ್ಕ ತಟ್ಟೆಗಳ ಮೇಲೆ ಮೇಣ ಸವರಿದ ಪ್ಯಾರಾಫಿನ್ ಕಾಗದ ಮುಚ್ಚಿ, ಹೀಟರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಫ್ಯಾನಿನ ತಂತಿ ಕಿತ್ತುಬಿಟ್ಟಿದ್ದರು. ಪೆಟ್ಟಿಗೆಯ ಪರದೆಯಲ್ಲಿ ಶಾಖವೂ ತೊಂಬತ್ತೊಂಬತ್ತು, ತೇವವೂ ತೊಂಬತ್ತೊಂಬತ್ತು. ಕೋಣೆ ಕುದಿಯುತ್ತಿದೆ ಎಂದು ನಂಬಿ ನಮ್ಮ ಪೆಟ್ಟಿಗೆ ಹೀಟರ್ ಆರಿಸಿ, ಫಾಗರ್ ನಿಲ್ಲಿಸಿ, ಇದ್ದ ಬೆಚ್ಚನೆಯ ಗಾಳಿಯನ್ನು ಹೊರಗೆ ದೂಡಿತ್ತು.

"ಬೆಳಗಿನ ಜಾವ ಕರೆಂಟ್ ಹೋಗಿ ಬಂತು. ಆಮೇಲೆ ಹಿಂಗೆ," ಎಂದರು ಅಕ್ಕ.

ಸೆನ್ಸರ್ ಸುಟ್ಟಿದೆ ಎಂದುಕೊಂಡೆ. ಹಳ್ಳಿಯ ಲೈನಿನಲ್ಲಿ ಕರೆಂಟ್ ಹೋಗಿ ಬರುವಾಗ ಒಂದು ಹೊಡೆತ ಬರುವುದು ಸಾಮಾನ್ಯ. ಹೊಸ ಸೆನ್ಸರ್ ಹಾಕಿದೆ. ಗೋಡೆಯ ಮೇಲಿದ್ದ, ಶಾಖ ತೇವ ಎರಡನ್ನೂ ತಿಳಿಸುವ ಒದ್ದೆ-ಒಣ ಬಲ್ಬಿನ ಥರ್ಮಾಮೀಟರ್ ನೋಡಿ ಅದಕ್ಕೆ ಸರಿಯಾಗಿ ಅಳತೆ ಹೊಂದಿಸಿದೆ. ಪರದೆಯ ಮೇಲೆ ಸರಿಯಾದ ಅಂಕಿ ಬಂತು, ಫಾಗರ್ ಪುಸ್ ಎಂದು ಮಂಜು ಬಿಟ್ಟಿತು. ಅಕ್ಕ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ತಟ್ಟೆಗಳ ಮೇಲೆ ಉದುರಿಸಿದರು. ಹುಳುಗಳು ನಿಧಾನವಾಗಿ ಅಲುಗಾಡಿದವು. ಅಕ್ಕ ಕೊಟ್ಟ ಟೀ ಕುಡಿದು ನೆಮ್ಮದಿಯಿಂದ ವಾಪಸ್ ಬಂದೆ.

ಮಧ್ಯಾಹ್ನ ಮತ್ತೆ ಫೋನ್. "ಅಂಕಿಯೆಲ್ಲಾ ಸರಿಯಾಗೇ ಐತೆ ಕಣಮ್ಮ. ಆದ್ರೆ ಎರಡನೇ ಹಂತ ಅಂತ ಇದ್ದಿದ್ದು ಈಗ ಮೊದಲನೇ ಹಂತ ಅಂತ ತೋರಿಸ್ತೈತೆ."

"ಯಾರಾದ್ರೂ ಬಟನ್ ಒತ್ತಿದ್ರಾ ಅಕ್ಕ?"

"ನಾವ್ಯಾಕಮ್ಮ ಒತ್ತಾನ? ಕರೆಂಟ್ ಹೋಗಿ ಬಂತು, ಅಷ್ಟೇಯ."

"ಸರಿ, ಎರಡನೇ ಹಂತಕ್ಕೆ ಇನ್ನೊಂದ್ಸಲ ಒತ್ತಿಬಿಡಿ," ಎಂದೆ. ಅಲ್ಲಿಗೆ ಮರೆತೂಬಿಟ್ಟೆ.

ಮಾರನೆಯ ಬೆಳಿಗ್ಗೆ ಮತ್ತೆ ತೊಂಬತ್ತೊಂಬತ್ತು.

ಈ ಸಲ ಲೈನಿನ ಹೊಡೆತ ತಡೆಯುವ ಫಿಲ್ಟರ್ ತೆಗೆದುಕೊಂಡು ಹೋದೆ. ಸೆನ್ಸರ್ ತಂತಿಗೆ ಬೇರೆ ಪೈಪು ಹಾಕಿ ಹೀಟರಿನ ತಂತಿಯಿಂದ ದೂರ ಎಳೆದೆ. ಸೆನ್ಸರನ್ನು ಮತ್ತೆ ಬದಲಿಸಿ, ಮತ್ತೆ ಅಳತೆ ಹೊಂದಿಸಿದೆ. ಎಲ್ಲ ಸರಿಹೋಯಿತು. ಸಂಜೆ ಕರೆಂಟ್ ಹೋಗಿ ಬಂದು ಹಂತ ಮತ್ತೆ ಬದಲಾದಾಗ ಅಕ್ಕ ತಾವೇ ಬಟನ್ ಒತ್ತಿಕೊಂಡರಂತೆ. ಅದರ ಮರುದಿನ ಮತ್ತೆ ಅದೇ ಕಥೆ.

ಅಕ್ಕ ಒಂದು ಮಾತೂ ಗಟ್ಟಿಯಾಗಿ ಆಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ಒಂದು ತಟ್ಟೆ ಎಳೆದು ನನ್ನ ಮುಂದಿಟ್ಟರು.

"ನೋಡು, ಇವು ದಪ್ಪ ಆಗವೆ. ಇವು ಇನ್ನೂ ಸಣ್ಣಗೇ ಅವೆ. ಎಲ್ಲಾ ಒಂದೇ ಸಮ ಬೆಳೀಬೇಕು, ಒಂದೇ ಸಮ ಜ್ವರಕ್ಕೆ ಕೂತ್ಕೋಬೇಕು. ಇಲ್ದಿದ್ರೆ ಕೂತಿರೋದಕ್ಕೆ ಸೊಪ್ಪು ಹಾಕ್ದಂಗಾಯ್ತದೆ, ಹಸ್ದಿರೋದಕ್ಕೆ ಸುಣ್ಣ ಹಾಕ್ದಂಗಾಯ್ತದೆ. ಎರಡನೇ ಜ್ವರ ಹತ್ರಕ್ಕೆ ಬಂತು ಕಣಮ್ಮ. ಅದು ಬಿಟ್ಟ ತಕ್ಷಣ ರೈತರು ಬರ್ತಾರೆ. ಸುತ್ತಮುತ್ತ ಎಲ್ಲಾ ನನ್ನ ನೆಂಟ್ರೇ, ಗುರ್ತಿರೋರೇ. ಕೆಟ್ಟ ಹುಳ ಕೊಟ್ಟು ನಾಳೆ ಅವರ ಮದ್ವೆ ಮನೇಲಿ ಹೆಂಗೆ ಊಟಕ್ಕೆ ಕೂತ್ಕೊಳ್ಳಲಿ?"

ನನ್ನ ಚೀಲದಲ್ಲಿ ಇನ್ನೂ ಒಂದು ಹೊಸ ಸೆನ್ಸರ್ ಇತ್ತು. ಅದನ್ನು ಹಾಕಿದರೆ ನಾಳೆ ಬೆಳಗಿನವರೆಗೆ ನಡೆಯುತ್ತದೆ ಎಂಬುದೂ ಗೊತ್ತಿತ್ತು. ಕೈಗೆತ್ತಿಕೊಂಡವಳು ಅಲ್ಲೇ ಇಟ್ಟೆ. ಕಾರಣ ಗೊತ್ತಿಲ್ಲದೆ ಸರಿಹೋಗುವ ಪೆಟ್ಟಿಗೆ ಮತ್ತೆ ಕೆಡುತ್ತದೆ, ಹಾಗೆ ಕೆಟ್ಟಾಗಲೆಲ್ಲ ಈ ಜೀವಗಳು ಚಳಿಗೆ ಬೀಳುತ್ತವೆ.

"ಅಕ್ಕ, ಪೆಟ್ಟಿಗೆ ಬಿಚ್ಕೊಂಡು ಹೋಗ್ತೀನಿ," ಎಂದೆ. "ಈ ಸಲದ ಹುಳ ಹೋಗೋವರೆಗೂ ಇದನ್ನ ನಂಬಬೇಡಿ. ಮೊದಲು ಹೆಂಗೆ ನೋಡ್ಕೊಂಡಿದ್ರೋ ಹಂಗೇ ನೋಡ್ಕೊಳ್ಳಿ."

ನಾವು ತಯಾರಿಸಿ ಮಾರಿದ ವಸ್ತುವನ್ನು ನಾವೇ ಗೋಡೆಯಿಂದ ಇಳಿಸುವಾಗ ಕೈ ಭಾರವಾಗುತ್ತದೆ. ಅಕ್ಕ ಸೆರಗು ಸಿಕ್ಕಿಸಿಕೊಂಡು, "ಹಂಗಾದ್ರೆ ಒಂದು ಕೈ ಹಾಕು, ಗೋಣಿ ಚೀಲ ನೆನೆಸಾನ," ಎಂದರು.

ಇಬ್ಬರೂ ಸೇರಿ ಗೋಣಿ ಚೀಲಗಳನ್ನು ನೀರಿನಲ್ಲಿ ಅದ್ದಿ ಹಿಂಡಿ ಕಿಟಕಿಗಳಿಗೆ ಕಟ್ಟಿದೆವು. ನೆಲಕ್ಕೆ ನೀರು ಚಿಮುಕಿಸಿದೆವು. ಎರಡು ಹೀಟರುಗಳನ್ನು ಎದುರುಬದುರು ಮೂಲೆಯಲ್ಲಿಟ್ಟು, ಒಂದು ಥರ್ಮಾಮೀಟರನ್ನು ಮೇಲಿನ ತಟ್ಟೆಯ ಎತ್ತರಕ್ಕೂ ಇನ್ನೊಂದನ್ನು ಕೆಳಗಿನ ತಟ್ಟೆಯ ಎತ್ತರಕ್ಕೂ ತೂಗುಹಾಕಿದೆವು. ಅಕ್ಕನ ಯಜಮಾನರು ತೋಟದಿಂದ ಬಂದು ಬಾಗಿಲಲ್ಲಿ ನಿಂತು, ಒಳಗೆ ನಡೆಯುತ್ತಿದ್ದುದನ್ನು ನೋಡಿ, ಇನ್ನೊಂದು ಬಿಂದಿಗೆ ನೀರು ತಂದಿಟ್ಟರು. ಹೆಂಡತಿ, ಗಂಡ ಸರದಿಯ ಮೇಲೆ ಕೋಣೆ ಕಾಯುವುದೆಂದಾಯಿತು.

ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬರುವಾಗ, ತಲೆಯ ಮೇಲೆ ವಿಮಾನವೊಂದು ಚಕ್ರ ಚಾಚಿಕೊಂಡು ಇಳಿಯುತ್ತಿತ್ತು. ಆ ಸದ್ದು ಕಳೆಯಲಿ ಎಂದು ರಸ್ತೆಯ ಪಕ್ಕ ನಿಲ್ಲಿಸಿದೆ. ಆಗ ಮೊದಲ ಬಾರಿಗೆ, ಏನೇನಾಯಿತು ಎಂಬುದನ್ನು ಸಾಲಾಗಿ ನೆನಪು ಮಾಡಿಕೊಂಡೆ. ನಾನು ಅಳತೆ ಹೊಂದಿಸಿದ ಮೇಲೆ ಕರೆಂಟ್ ಹೋದರೆ, ಹಂತ ಮರೆತುಹೋಗಿದೆ. ಅಕ್ಕ ಹಂತದ ಬಟನ್ ಒತ್ತಿದ ಮೇಲೆ ಕರೆಂಟ್ ಹೋದರೆ, ಅಳತೆ ಮರೆತುಹೋಗಿದೆ. ಪ್ರತಿ ಸಲವೂ ಹೀಗೇ. ಸೆನ್ಸರಿಗೂ ಇದಕ್ಕೂ ಏನೇನೂ ಸಂಬಂಧವಿರಲಿಲ್ಲ. ಒಂದನ್ನು ಬರೆದಾಗ ಇನ್ನೊಂದು ಅಳಿಸಿಹೋಗುತ್ತಿತ್ತು.

ಇಲ್ಲಿ ಚಿಪ್ಪಿನ ಮೆಮೊರಿಯ ಬಗ್ಗೆ ಸ್ವಲ್ಪ ಹೇಳಬೇಕು. ಅದರಲ್ಲಿ ಸಾಲಾಗಿ ಮನೆಗಳಿವೆ ಎಂದುಕೊಳ್ಳಿ, ಪ್ರತಿ ಮನೆಗೂ ಒಂದು ಸಂಖ್ಯೆ. ಆ ಸಂಖ್ಯೆಯೇ ವಿಳಾಸ. ಸಾಮಾನ್ಯವಾಗಿ ನಾವು ಪ್ರೋಗ್ರಾಂ ಬರೆಯುವಾಗ ಈ ಅಂಕಿಯನ್ನು ಎಲ್ಲಾದರೂ ಇಟ್ಟುಕೋ ಎನ್ನುತ್ತೇವೆ; ಯಾವ ಮನೆ ಎಂಬುದನ್ನು ಯಂತ್ರವೇ ಆರಿಸಿಕೊಳ್ಳುತ್ತದೆ. ಪಾಯಿಂಟರ್ ಬಳಸಿದರೆ ಹಾಗಲ್ಲ. ಪಾಯಿಂಟರ್ ಎನ್ನುವುದು ವಿಳಾಸವನ್ನೇ ತನ್ನೊಳಗೆ ಇಟ್ಟುಕೊಂಡ ಹೆಸರು. ಅದರ ಮೂಲಕ ಇಂಥ ಸಂಖ್ಯೆಯ ಮನೆಗೇ ಹೋಗಿ ಈ ಅಂಕಿಯನ್ನು ಇಟ್ಟು ಬಾ ಎಂದು ಹೇಳಬಹುದು. ಹೇಳಿದ ವಿಳಾಸ ತಪ್ಪಿದ್ದರೆ ತಪ್ಪು ಮನೆಗೇ ಹೋಗಿ ಇಡುತ್ತದೆ, ತಡೆಯುವವರು ಯಾರೂ ಇರುವುದಿಲ್ಲ.

ಮೇಷ್ಟ್ರಿಗೆ ಪಾಯಿಂಟರ್ ಎಂದರೆ ಪ್ರಾಣ. ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಲೈಬ್ರರಿ ಬಳಸೋಣ ಸರ್ ಎಂದು ನಾನು ಅಂದಾಗಲೆಲ್ಲ, "ಮಧ್ಯೆ ದಲ್ಲಾಳಿ ಯಾಕಮ್ಮ? ಚಿಪ್ ಹತ್ರ ನಾವೇ ಹೋಗಿ ಮಾತಾಡೋಣ," ಎನ್ನುತ್ತಿದ್ದರು. ಕರೆಂಟ್ ಹೋದರೂ ಉಳಿಯಬೇಕಾದ ಎರಡು ಸಂಗತಿಗಳನ್ನು, ಅಂದರೆ ಸೆನ್ಸರಿನ ಅಂಕಿಯನ್ನು ಯಾವುದರಿಂದ ಗುಣಿಸಿ ಸರಿಪಡಿಸಬೇಕು ಎಂಬ ಅಳತೆಯ ಪಟ್ಟಿ ಮತ್ತು ಹುಳುವಿನ ಹಂತ ಇವನ್ನು, ಶಾಶ್ವತ ಮೆಮೊರಿಯ ಕಟ್ಟಕಡೆಯಲ್ಲಿ, ತಾವೇ ಆರಿಸಿದ ಎರಡು ವಿಳಾಸಗಳಿಗೆ ಅವರು ಬರೆಸಿದ್ದರು.

ವರ್ಕ್‌ಶಾಪಿನಲ್ಲಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಲ್ಯಾಪ್‌ಟಾಪಿಗೆ ಜೋಡಿಸಿ, ಅಳತೆಯ ಪಟ್ಟಿ ಇರಬೇಕಾದ ವಿಳಾಸದಲ್ಲಿ ಏನಿದೆ ಎಂದು ಓದಿದೆ. ಎಫ್ ಎಫ್, ಎಫ್ ಎಫ್, ಎಫ್ ಎಫ್. ಉದ್ದಕ್ಕೂ ಅದೇ. ಅಳಿಸಿದ ಮೆಮೊರಿ ಹೀಗೆಯೇ ಕಾಣುವುದು. ಅಂಕಿಯಾಗಿ ಓದಿದರೆ ಅದು ಬಲು ದೊಡ್ಡ ಸಂಖ್ಯೆ. ಅದರಿಂದ ಗುಣಿಸಿದರೆ ಯಾವ ಕೋಣೆಯೂ ಕುಲುಮೆಯೇ. ನಮ್ಮ ಪರದೆ ತೋರಿಸಬಲ್ಲ ಅತಿ ದೊಡ್ಡ ಅಂಕಿ ತೊಂಬತ್ತೊಂಬತ್ತು; ಅದು ಎಲ್ಲಿಂದ ಬಂತೆಂಬುದು ತಿಳಿಯಿತು. ಚಾಲೂ ಇರುವವರೆಗೆ ಚಿಪ್ ತನ್ನ ತಾತ್ಕಾಲಿಕ ಮೆಮೊರಿಯಲ್ಲಿನ ಪ್ರತಿಯನ್ನು ನೋಡಿಕೊಂಡು ಸರಿಯಾಗಿ ನಡೆಯುತ್ತದೆ. ಕರೆಂಟ್ ಹೋಗಿ ಬಂದಾಗಲಷ್ಟೇ ಶಾಶ್ವತ ಮೆಮೊರಿಯಿಂದ ಮತ್ತೆ ಓದಿಕೊಳ್ಳುತ್ತದೆ, ಅಲ್ಲಿ ಏನೂ ಇರುವುದಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಯುಪಿಎಸ್ ಇದೆ. ಬಟನ್ ಒತ್ತಿ ನೋಡಿದ್ದೆವು, ಆರಿಸಿಯೂ ನೋಡಿದ್ದೆವು. ಒಂದಾದ ಮೇಲೆ ಇನ್ನೊಂದನ್ನು ಆ ಕ್ರಮದಲ್ಲಿ ಮಾಡಿ ನೋಡಿರಲಿಲ್ಲ.

ಆದರೆ ಪಟ್ಟಿಯನ್ನು ಅಳಿಸಿದವರು ಯಾರು? ಪ್ರೋಗ್ರಾಮಿನ ಸಾಲು ಸಾಲು ಓದಿದೆ. ಹಂತವನ್ನು ಬರೆಯುವ ಕಡೆ ಹಂತದ ವಿಳಾಸವೇ ಇತ್ತು, ಪಟ್ಟಿಯದನ್ನು ಬರೆಯುವ ಕಡೆ ಪಟ್ಟಿಯದೇ ಇತ್ತು. ಎಲ್ಲೂ ತಪ್ಪಿಲ್ಲ.

ಮೇಷ್ಟ್ರನ್ನು ಕೇಳಬೇಕಾಗಿತ್ತು. ಈವರೆಗೆ ಅವರಿಗೆ ನಾನು ಏನೂ ಹೇಳಿರಲಿಲ್ಲ. ಅದೇ ವಾರ ಅವರ ಕಣ್ಣಿನ ಪೊರೆ ತೆಗೆಸಿದ್ದರು. ದೊಡ್ಡಬಳ್ಳಾಪುರದಲ್ಲಿ ಮಗಳ ಮನೆಯಲ್ಲಿದ್ದರು. ಓದಬಾರದು, ಪರದೆ ನೋಡಬಾರದು, ಆಯಾಸ ಮಾಡಿಕೊಳ್ಳಬಾರದು ಎಂದು ಡಾಕ್ಟರ್ ಹೇಳಿದ್ದರಂತೆ. ಅವರ ಪ್ರೋಗ್ರಾಂ ಹುಳುಗಳನ್ನು ಚಳಿಗೆ ದೂಡಿದೆ ಎಂದು ಆ ಸ್ಥಿತಿಯಲ್ಲಿ ಹೇಳಲು ನನಗೆ ಮನಸ್ಸಿರಲಿಲ್ಲ. ಆದರೂ ಲ್ಯಾಪ್‌ಟಾಪ್ ಹಿಡಿದು ಬಸ್ ಹತ್ತಿದೆ.

ಕಪ್ಪು ಕನ್ನಡಕ ಹಾಕಿಕೊಂಡು, ಶಾಲು ಹೊದ್ದು, ಹಜಾರದ ಕುರ್ಚಿಯಲ್ಲಿ ಕೂತಿದ್ದರು. ನನ್ನ ಚಪ್ಪಲಿಯ ಸದ್ದಿಗೇ ಗುರುತು ಹಿಡಿದರು.

"ಬಾಮ್ಮ. ಹಣ್ಣು ತಂದಿದ್ರೆ ಒಳಗೆ ಕೊಡು, ತೊಂದರೆ ತಂದಿದ್ರೆ ಇಲ್ಲಿ ಹೇಳು. ಮೂರು ದಿನದಿಂದ ಫೋನಲ್ಲಿ ನೀನು ಬರೀ ನನ್ನ ಕಣ್ಣು ವಿಚಾರಿಸ್ತಿದ್ದೀಯ. ಕೆಲಸದ ಮಾತೇ ಇಲ್ಲ. ಏನೋ ಕೆಟ್ಟಿದೆ ಅಂತ ಅವತ್ತೇ ಅಂದ್ಕೊಂಡೆ."

ಎಲ್ಲ ಹೇಳಿದೆ. ನಡುವೆ ಅವರು ಒಂದೇ ಒಂದು ಪ್ರಶ್ನೆ ಕೇಳಿದರು: "ಹುಳು ಈಗ ಹೆಂಗಿವೆ?" ಅಕ್ಕ ಕೈಯಲ್ಲೇ ನೋಡಿಕೊಳ್ಳುತ್ತಿದ್ದಾರೆ ಎಂದ ಮೇಲೆ, "ಸರಿ, ಓದು," ಎಂದರು.

"ಪರದೆ ನೋಡ್ಬಾರ್ದು ಅಂದಿದ್ದಾರೆ ಅಪ್ಪ," ಎಂದು ಮಗಳು ಅಡುಗೆಮನೆಯಿಂದ ಕೂಗಿದರು.

"ನಾನೆಲ್ಲಿ ನೋಡ್ತಿದ್ದೀನಿ? ಅವಳು ನೋಡ್ತಾಳೆ. ಕಿವಿಗೇನು ಆಪರೇಶನ್ ಆಗಿಲ್ಲ."

ಪ್ರೋಗ್ರಾಂ ಗಟ್ಟಿಯಾಗಿ ಓದುವುದು ವಿಚಿತ್ರ ಕೆಲಸ; ವಿಳಾಸಗಳಲ್ಲಿ ಅಂಕಿಗಳ ಜೊತೆ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಸೊನ್ನೆ ಎಕ್ಸ್, ಸೊನ್ನೆ ಎಂಟು, ಸೊನ್ನೆ ಸೊನ್ನೆ, ಎಫ್ ಎಂಟು ಸೊನ್ನೆ ಸೊನ್ನೆ ಎಂದು ನಾನು ಓದುತ್ತಿದ್ದರೆ, ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಮೆಮೊರಿಯ ಬೀಗ ತೆಗೆಯಲು ಒಂದು ವಿಳಾಸಕ್ಕೆ ಎರಡು ಕೀಲಿ ಸಂಖ್ಯೆಗಳನ್ನು ಬರೆಯಬೇಕು. ಅವು ಬಂದಾಗ ನಾನು ಓದುವ ಮೊದಲೇ ಅವರೇ ಒಪ್ಪಿಸಿದರು. ಬೀಗ ತೆಗೆ, ಪೇಜ್ ಅಳಿಸು, ಬರೆ, ಬೀಗ ಹಾಕು. ಕ್ರಮ ಸರಿಯಾಗಿತ್ತು.

"ಪಟ್ಟಿ ಎಲ್ಲಿ ಅಂದೆ?"

"ಎಫ್ ಎಂಟು ಸೊನ್ನೆ ಸೊನ್ನೆ."

"ಹಂತ?"

"ಎಫ್ ಸಿ ಸೊನ್ನೆ ಸೊನ್ನೆ."

"ಬೇರೆ ಬೇರೆ ಪೇಜು. ಒಂದೊಂದು ಕಿಲೋಬೈಟ್. ಒಂದನ್ನ ಅಳಿಸಿದ್ರೆ ಇನ್ನೊಂದಕ್ಕೆ ತಾಕೋದೇ ಇಲ್ಲ." ಮೇಷ್ಟ್ರು ತಾಳ ನಿಲ್ಲಿಸಿದರು. ಈ ಮೆಮೊರಿಯಲ್ಲಿ ಬರೆದದ್ದರ ಮೇಲೆ ಹಾಗೇ ಬರೆಯಲಾಗುವುದಿಲ್ಲ. ಮೊದಲು ಅಳಿಸಬೇಕು, ಅಳಿಸುವುದೂ ಒಂದೊಂದು ಅಂಕಿಯಾಗಿ ಅಲ್ಲ, ಇಡೀ ಪೇಜನ್ನೇ, ಅಂದರೆ ಒಂದು ಸಾಲಿನ ಮನೆಗಳನ್ನೆಲ್ಲ ಒಟ್ಟಿಗೆ. ಅದು ಇಬ್ಬರಿಗೂ ಗೊತ್ತಿದ್ದ ವಿಷಯ. "ಅಕ್ಕನ ಬೋರ್ಡಲ್ಲಿ ಇರೋದು ಯಾವ ಚಿಪ್ಪಮ್ಮ? ಹಳೇದಾ, ಹೊಸದಾ?"

ಹಳೆಯ ಚಿಪ್ ಸಿಗದೆ, ಅಂಗಡಿಯವರು ಅದೇ ಕುಟುಂಬದ ಹೊಸದನ್ನು ಕೊಟ್ಟಿದ್ದರು. ಕಾಲುಗಳು ಅವೇ, ಪ್ರೋಗ್ರಾಂ ಅದೇ, ಮೆಮೊರಿ ಮಾತ್ರ ಜಾಸ್ತಿ. ಅದೇ ಬೆಲೆಗೆ ದೊಡ್ಡದು ಸಿಕ್ಕಿತೆಂದು ಇಬ್ಬರೂ ಖುಷಿಪಟ್ಟಿದ್ದೆವು.

"ಹೊಸದು ಸರ್."

"ಅದರ ಡೇಟಾಶೀಟ್ ತೆಗಿ. ಪೇಜ್ ಎಷ್ಟು ಅಂತ ಬರ್ದಿದ್ದಾರೆ ನೋಡು."

ಚಿಪ್ ತಯಾರಿಸಿದವರ ಆ ವಿವರಪತ್ರದಲ್ಲಿ ಹುಡುಕಿದೆ. ಸಾಲು ಸಿಕ್ಕಿತು. ಇನ್ನೊಮ್ಮೆ ಓದಿಕೊಂಡೆ.

"ಎರಡು ಕಿಲೋಬೈಟ್, ಸರ್."

ದೊಡ್ಡ ಚಿಪ್ಪಿನಲ್ಲಿ ಪೇಜೂ ದೊಡ್ಡದು. ಹಳೆಯದರಲ್ಲಿ ಬೇರೆ ಬೇರೆ ಪೇಜುಗಳಲ್ಲಿದ್ದ ಎರಡು ವಿಳಾಸಗಳು ಹೊಸದರಲ್ಲಿ ಒಂದೇ ಪೇಜಿನೊಳಗೆ ಬಂದು ಕೂತಿದ್ದವು. ಹಂತವನ್ನು ಬರೆಯುವ ಮೊದಲು ಪ್ರೋಗ್ರಾಂ ತನ್ನ ಪೇಜನ್ನು ಅಳಿಸುತ್ತಿತ್ತು, ಜೊತೆಗೆ ಪಟ್ಟಿಯೂ ಹೋಗುತ್ತಿತ್ತು. ಪಟ್ಟಿಯನ್ನು ಬರೆಯುವಾಗ ಹಂತ ಹೋಗುತ್ತಿತ್ತು. ಬರೆದ ವಿಳಾಸ ಎರಡೂ ಸಲ ಸರಿಯಾದದ್ದೇ.

ಮೇಷ್ಟ್ರು ಕನ್ನಡಕದ ಕೆಳಗೆ ಕರವಸ್ತ್ರ ಒತ್ತಿಕೊಂಡರು. ಹಾಕಿದ ಔಷಧಿ ಇಳಿಯುತ್ತಿತ್ತೋ ಏನೋ.

"ಲೈಬ್ರರಿ ಹಾಕೋಣ ಸರ್ ಅಂತ ನೀನು ಎಷ್ಟು ಸಲ ಹೇಳ್ದೆ. ಈಗ ಎಲ್ಲಾ ತೆಗೆದುಹಾಕಮ್ಮ. ನನ್ನ ಪಾಯಿಂಟರ್ ಒಂದೂ ಇಡಬೇಡ. ನಿನಗೆ ಹೆಂಗೆ ಸರಿ ಅನ್ಸುತ್ತೋ ಹಂಗೆ ಮಾಡು."

ಬಸ್ಸಿನಲ್ಲಿ ಬರುವಾಗ ನಾನೂ ಅದನ್ನೇ ಯೋಚಿಸಿದ್ದೆ. ತಪ್ಪು ಸಿಕ್ಕಿದರೆ ಎಲ್ಲವನ್ನೂ ಕಿತ್ತು ಹೊಸದಾಗಿ ಬರೆಯಬೇಕು ಎಂದು. ಈಗ ಅವರ ಬಾಯಲ್ಲೇ ಕೇಳಿದಾಗ ಮನಸ್ಸು ಬೇರೆಯಾಯಿತು. ಯಾವ ಲೈಬ್ರರಿ ಹಾಕಿದ್ದರೂ ಎಲ್ಲಿ ಬರೆಯಬೇಕು ಎಂಬ ವಿಳಾಸವನ್ನು ನಾವೇ ಕೊಡಬೇಕಿತ್ತು. ಇದೇ ವಿಳಾಸ ಕೊಟ್ಟಿದ್ದರೆ ಇದೇ ಆಗುತ್ತಿತ್ತು. ಅಲ್ಲದೆ ಅವರ ಸಾಲುಗಳು ಚೊಕ್ಕವಾಗಿದ್ದುದರಿಂದಲೇ ಕಿವಿಯಿಂದ ಕೇಳಿ ತಪ್ಪು ಹಿಡಿಯಲು ಸಾಧ್ಯವಾಗಿದ್ದು.

"ತೆಗೆಯೋದಿಲ್ಲ ಸರ್," ಎಂದೆ. "ಮನೆ ಬದಲಾಯಿಸ್ತೀನಿ. ಬರೆಯೋದಕ್ಕೆ ಮುಂಚೆ ಪೇಜ್ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿಸ್ತೀನಿ. ಬರೆದ ಮೇಲೆ ವಾಪಸ್ ಓದಿ ನೋಡಿಸ್ತೀನಿ. ನೀವು ಕೇಳ್ತಾ ಇರಿ, ತಪ್ಪಿದ್ರೆ ಹೇಳಿ."

"ಕಾಫಿ ಕುಡಿದು ಶುರು ಮಾಡು," ಎಂದರು ಮೇಷ್ಟ್ರು.

ಮೊದಲು ಮಾಡಿದ್ದು ಫೋನ್. ಹೊಸ ಚಿಪ್ ಹಾಕಿದ ಪೆಟ್ಟಿಗೆಗಳು ಇನ್ನೂ ಕೆಲವು ಕೇಂದ್ರಗಳಿಗೆ ಹೋಗಿದ್ದವು. ಒಬ್ಬೊಬ್ಬರಿಗೂ ಹೇಳಿದೆ: ನಮ್ಮ ಪೆಟ್ಟಿಗೆಯಲ್ಲಿ ತಪ್ಪಿದೆ, ನಾನು ಬರುವವರೆಗೆ ಹಂತದ ಬಟನ್ ಮುಟ್ಟಬೇಡಿ, ಥರ್ಮಾಮೀಟರ್ ನೋಡುತ್ತಿರಿ. ಒಬ್ಬರು ಬೈದರು. ಹೊಸಕೋಟೆ ಕಡೆಯ ಇನ್ನೊಬ್ಬರು, "ಅದೇನೋಪ್ಪ, ನಮ್ದು ಹೋದ ವಾರ ಹಂಗೇ ಆಗಿತ್ತು, ನಾವೇ ಏನೋ ಒತ್ತಿಬಿಟ್ವಿ ಅಂದ್ಕೊಂಡು ಸುಮ್ಕಾದ್ವಿ," ಎಂದರು. ಬೈದವರಿಗಿಂತ ಇವರ ಮಾತು ಹೆಚ್ಚು ಚುಚ್ಚಿತು.

ಹಜಾರದಲ್ಲೇ ಕೂತು ಬರೆದೆ. ಪಟ್ಟಿಗೆ ದೂರದ ಬೇರೆ ಪೇಜ್ ಕೊಟ್ಟೆ. ಚಿಪ್ ತನ್ನ ಮೆಮೊರಿ ಎಷ್ಟು ಎಂಬುದನ್ನು ತನ್ನೊಳಗಿನ ಒಂದು ನಿಗದಿತ ವಿಳಾಸದಲ್ಲಿ ಬರೆದಿಟ್ಟುಕೊಂಡೇ ಬಂದಿರುತ್ತದೆ. ಒಂದು ಪಾಯಿಂಟರಿನಿಂದ ಅದನ್ನು ಓದಿ, ಪೇಜಿನ ಅಳತೆ ಅದರ ಮೇಲೆ ನಿರ್ಧಾರವಾಗುವಂತೆ ಮಾಡಿದೆ. ಪಟ್ಟಿಯ ಕೊನೆಗೆ ಒಂದು ತಾಳೆ ಸಂಖ್ಯೆ ಸೇರಿಸಿದೆ. ಅದು ಹೊಂದದಿದ್ದರೆ ಅಂಕಿಯನ್ನು ನಂಬದೆ, ಫ್ಯಾನ್ ನಿಲ್ಲಿಸಿ, ಗಂಟೆ ಬಾರಿಸಿ ಮನುಷ್ಯರನ್ನು ಕರೆಯಬೇಕು. ಬರೆದದ್ದನ್ನೆಲ್ಲ ಮೇಷ್ಟ್ರಿಗೆ ಓದಿ ಹೇಳಿದೆ. ಒಂದು ಕಡೆ, "ಅಲ್ಲಿ ವೊಲಟೈಲ್ ಹಾಕಿದ್ಯಾ?" ಎಂದು ತಡೆದರು. ಹಾಕಿರಲಿಲ್ಲ. ಅದಿಲ್ಲದಿದ್ದರೆ ವಾಪಸ್ ಓದುವ ಸಾಲು ಅನವಶ್ಯಕವೆಂದು, ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಅದನ್ನು ಕೈಬಿಡುವ ಸಾಧ್ಯತೆಯಿತ್ತು. ಸೇರಿಸಿದೆ. ಮೇಷ್ಟ್ರ ಮುಖದಲ್ಲಿ ಪಾಠ ಮಾಡುವ ದಿನಗಳ ಹಳೆಯ ಕಳೆ ಬಂತು.

ಪರೀಕ್ಷೆ ವಿಜಯಪುರದಲ್ಲಿ. ಯುಪಿಎಸ್ ಬಿಟ್ಟು ನೇರ ಲೈನಿಗೆ ಪೆಟ್ಟಿಗೆ ಜೋಡಿಸಿ, ಸ್ವಿಚ್ಚಿನ ಹತ್ತಿರ ಅಬ್ಬಾರನ್ನು ಕೂರಿಸಿದೆ. ನಾನು ಹಂತ ಬದಲಿಸುವುದು, ಅವರು ಆರಿಸಿ ಹಾಕುವುದು. ನಾನು ಅಳತೆ ಹೊಂದಿಸುವುದು, ಅವರು ಆರಿಸಿ ಹಾಕುವುದು. ಕೆಳಗಿನ ಶೆಡ್ಡಿನಿಂದ ರೇಷ್ಮೆ ಹುರಿ ಮಾಡುವ ಯಂತ್ರಗಳ ಸದ್ದು ಒಂದೇ ಸಮನೆ ಬರುತ್ತಿತ್ತು.

"ಫಿರ್ ಬಂದ್ ಕರೂಂ ಕ್ಯಾ ಬೇಟಾ?" ಎಂದು, ಮತ್ತೆ ಆರಿಸಲೇ ಎಂದು, ಅಬ್ಬಾ ಪ್ರತಿ ಸಲವೂ ಗಂಭೀರವಾಗಿ ಕೇಳುತ್ತಿದ್ದರು. ನಾನು ಹ್ಞೂಂ ಎನ್ನುತ್ತಿದ್ದೆ. ಬೇಕೆಂದೇ ಪಟ್ಟಿಯನ್ನು ಅಳಿಸಿಯೂ ನೋಡಿದೆ. ಪೆಟ್ಟಿಗೆ ಫ್ಯಾನ್ ನಿಲ್ಲಿಸಿ ಕಿರ್ರೆಂದು ಕೂಗಿಕೊಂಡಿತು. ಅಬ್ಬಾ ಬೆಚ್ಚಿ, ಆಮೇಲೆ ನಕ್ಕರು. ಉಳಿದೆಲ್ಲ ಸಲವೂ ಅಂಕಿ ಸರಿ, ಹಂತ ಸರಿ.

ಕುಂದಾಣದ ಕಡೆ ಹೋದಾಗ ಹುಳುಗಳು ಎರಡನೇ ಜ್ವರಕ್ಕೆ ಕೂತಿದ್ದವು. ಕೋಣೆ ನಿಶ್ಶಬ್ದ. ಗೋಣಿ ಚೀಲ ಬಿಚ್ಚಿ, ಕಿಟಕಿ ಅರೆ ತೆರೆದು, ತಟ್ಟೆಗಳ ಮೇಲೆ ಸುಣ್ಣದ ಪುಡಿ ತೆಳ್ಳಗೆ ಉದುರಿಸಿದ್ದರು. ಅಕ್ಕನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ಪೆಟ್ಟಿಗೆ ಕಂಡು ಅವರ ಮುಖ ಅರಳಲಿಲ್ಲ.

"ಹುಳದ ಮೇಲೆ ಬೇಡ ಕಣಮ್ಮ ಪರೀಕ್ಷೆ. ಏಳಲಿ ಅವು."

"ಕೋಣೆಗೆ ಹಾಕಲ್ಲ ಅಕ್ಕ. ಪಡಸಾಲೇಲಿ ಹಾಕ್ತೀನಿ. ನಿಮಗೆ ನಂಬಿಕೆ ಬರೋವರೆಗೂ ಒಳಗೆ ಬರಲ್ಲ ಇದು."

ಪಡಸಾಲೆಯಲ್ಲಿ ಸೆನ್ಸರ್ ನೇತುಹಾಕಿ, ಹೀಟರ್ ಬದಲು ಒಂದು ಬಲ್ಬ್ ಜೋಡಿಸಿ, ಬಟನ್ ಅಕ್ಕನ ಕೈಗೇ ಬಿಟ್ಟೆ. ಅವರು ಹಂತ ಬದಲಿಸಿದರು. ಮೆಯಿನ್ ಸ್ವಿಚ್ ಇಳಿಸಿದರು, ಏರಿಸಿದರು. ಪರದೆ ನೋಡಿದರು. ಪಕ್ಕದ ಥರ್ಮಾಮೀಟರ್ ನೋಡಿದರು. ಒಳಗೆ ಹೋಗಿ ಅಡುಗೆ ನೋಡಿ ಬಂದು ಮತ್ತೆ ಇಳಿಸಿದರು, ಏರಿಸಿದರು. ಆ ದಿನವಿಡೀ ಹೋಗುತ್ತಾ ಬರುತ್ತಾ ಅದೇ ಕೆಲಸ. ಸಂಜೆ ಹೊತ್ತಿಗೆ ಯಜಮಾನರು, "ಸ್ವಿಚ್ ಕಿತ್ತು ಕೈಗೆ ಬತ್ತದೆ ಬಿಡೇ," ಎಂದ ಮೇಲೆ ನಿಲ್ಲಿಸಿದರು.

ಹುಳುಗಳು ಜ್ವರ ಬಿಟ್ಟು ಎದ್ದವು. ಎಲ್ಲವೂ ಒಂದೇ ಸಮ ಏಳಲಿಲ್ಲ. ಫ್ಯಾನಿಗೆ ಎದುರಾಗಿದ್ದ ಸ್ಟ್ಯಾಂಡಿನ ತಟ್ಟೆಗಳು ಹಿಂದೆ ಬಿದ್ದಿದ್ದವು. ಮಿಕ್ಕವನ್ನು ರೈತರಿಗೆ ಕೊಟ್ಟು, ಆ ಒಂದು ಸ್ಟ್ಯಾಂಡಿನ ಹುಳುಗಳನ್ನು ಅಕ್ಕ ಯಾರಿಗೂ ಕೊಡದೆ ತಾವೇ ಉಳಿಸಿಕೊಂಡು ಸಾಕಿದರು. ಅವುಗಳಲ್ಲಿ ಗೂಡು ಕಟ್ಟಿದ್ದು ಸ್ವಲ್ಪವೇ. ಪರಿಹಾರದ ಮಾತು ನಾನು ಎತ್ತಿದಾಗ, "ಪೆಟ್ಟಿಗೆ ಬಿಚ್ಕೊಂಡು ಹೋದ್ಯಲ್ಲ, ಅವತ್ತೇ ಸರಿಹೋಯ್ತು. ಇನ್ನೊಂದು ಸೆನ್ಸರ್ ಹಾಕಿ ಹೋಗಿದ್ರೆ ನಿನ್ನ ಮುಖ ನೋಡ್ತಿರಲಿಲ್ಲ," ಎಂದರು. ಕೋಣೆ ತೊಳೆದು ಔಷಧಿ ಹೊಡೆದು ಮುಂದಿನ ಮೊಟ್ಟೆ ತರಿಸುವ ಮೊದಲು, ಪೆಟ್ಟಿಗೆಯನ್ನು ಗೋಡೆಗೆ ಹಾಕು ಎಂದು ಅವರೇ ಫೋನ್ ಮಾಡಿದರು. ಬೇರೆ ಕೇಂದ್ರಗಳ ಪೆಟ್ಟಿಗೆಗಳನ್ನೂ ಒಂದೊಂದಾಗಿ ಸರಿಮಾಡಿ ಬಂದೆ.

ಡಾಕ್ಟರ್ ಓಡಾಡಬಹುದು ಎಂದ ವಾರವೇ ಮೇಷ್ಟ್ರು ನನಗೆ ಫೋನ್ ಮಾಡಿ, "ಆ ಚಾಕಿ ಕೋಣೆಗೆ ಕರ್ಕೊಂಡು ಹೋಗಮ್ಮ," ಎಂದರು. ಪೆಟ್ಟಿಗೆ ನೋಡಲು ಎಂದುಕೊಂಡೆ. ದೇವನಹಳ್ಳಿಯಲ್ಲಿ ಬಸ್ ಇಳಿದವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಅಕ್ಕ ಕಾಲು ತೊಳೆಯಲು ನೀರು ಕೊಟ್ಟು, ಒಳಗೆ ಬಿಡುವ ಮುನ್ನ ಇಬ್ಬರ ಕೈಗೂ ಔಷಧಿ ನೀರು ಹಾಕಿದರು. ಪೆಟ್ಟಿಗೆಯ ಮುಂದೆ ಮೇಷ್ಟ್ರು ನಿಲ್ಲಲೇ ಇಲ್ಲ. ನೇರವಾಗಿ ತಟ್ಟೆಗಳ ಹತ್ತಿರ ಹೋದರು. ಆವತ್ತು ಬೆಳಿಗ್ಗೆಯಷ್ಟೇ ಮೊಟ್ಟೆಯೊಡೆದ ಹುಳುಗಳು. ಪೆನ್ಸಿಲ್ ಮೊನೆಯಿಂದ ಚುಕ್ಕಿ ಇಟ್ಟಷ್ಟು, ಕಪ್ಪಗೆ, ಕತ್ತರಿಸಿದ ಎಳೆ ಸೊಪ್ಪಿನ ಮೇಲೆ ಹರಿದಾಡುತ್ತಿದ್ದವು. ಮೇಷ್ಟ್ರು ಕಪ್ಪು ಕನ್ನಡಕ ತೆಗೆದು, ಹೊಸ ಕಣ್ಣನ್ನು ತಟ್ಟೆಯ ಹತ್ತಿರಕ್ಕೆ ತಂದು ಬಗ್ಗಿದರು.

"ಇವಾ?" ಎಂದರು ಕೊನೆಗೆ.

"ಇವೇ ಸರ್. ನೀವು ಯಾವತ್ತೂ ನೋಡಿರಲಿಲ್ವಾ?"

"ಇಲ್ಲಮ್ಮ. ಸೀರೆ ನೋಡಿದ್ದೆ, ಗೂಡು ನೋಡಿದ್ದೆ. ಇಷ್ಟು ಸಣ್ಣವು ಅಂತ ಗೊತ್ತೇ ಇರಲಿಲ್ಲ." ಅವರ ಉಸಿರು ತಾಕೀತೆಂದು ಅಕ್ಕ ಮೆಲ್ಲನೆ ತಟ್ಟೆಯನ್ನು ಆಚೆ ಸರಿಸಿದರು. ಮೇಷ್ಟ್ರು ಶಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡು ಮತ್ತೆ ಬಗ್ಗಿದರು. "ಗೊತ್ತಿದ್ದಿದ್ರೆ ಇನ್ನೂ ಹೆದರ್ಕೊಂಡು ಬರೀತಿದ್ದೆ."